ಐದು ನಿಮಿಷಕ್ಕೆ ಅರ್ಧ ದಿನದ ಕೂಲಿ

ಓದುಗರ ಪ್ರಶ್ನೆ, ಟೈಮ್ ಆಫೀಸ್ ಗುಮಾಸ್ತನ ಉತ್ತರ

ಈ ತಿಂಗಳು ಬಂದ ಪತ್ರಗಳನ್ನು ಟೇಬಲ್ ಮೇಲೆ ಹರಡಿಕೊಂಡು ಕೂತೆ. ಮುಕ್ಕಾಲು ಪಾಲು ಒಂದೇ ಗೋಳು: ಮೀಟಿಂಗ್. ಉಳಿದ ಕಾಲು ಪಾಲು, ದಿನಕ್ಕೆ 24 ಗಂಟೆ ಸಾಲ್ತಿಲ್ಲ ಅನ್ನೋದು. ಎರಡೂ ಒಂದೇ ಕಾಯಿಲೆ ಅಂತ ನನ್ನ ಲೆಕ್ಕ. ಹಾಗಾಗಿ ಈ ಸಲ ಬಡ್ತಿ, ವರ್ಗಾವಣೆ, ಪಿಎಫ್ ಪ್ರಶ್ನೆಗಳಿಗೆ ರಜೆ.

ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ, 1978ರಲ್ಲಿ, ಇಲ್ಲಿನ ಒಂದು ಹತ್ತಿ ಗಿರಣಿಯ ಟೈಮ್ ಆಫೀಸಿಗೆ ಗುಮಾಸ್ತನಾಗಿ ಸೇರಿದೆ. ಗಿರಣಿ ಮುಚ್ಚಿದ ಮೇಲೆ ಒಂದು ಖಾಸಗಿ ಕಚೇರಿಯಲ್ಲಿ ಆಡಳಿತದ ಕೆಲಸ ನೋಡಿಕೊಂಡು ನಿವೃತ್ತನಾದೆ. ಓದಿದ್ದು ಬಿ.ಕಾಂ. ಮ್ಯಾನೇಜ್‌ಮೆಂಟ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹಾಜರಿ ಪುಸ್ತಕ ಗೊತ್ತು, ಗಡಿಯಾರ ಗೊತ್ತು, ಜನ ಸ್ವಲ್ಪ ಗೊತ್ತು.

ಪ್ರಶ್ನೆ: ಪಿ.ಜೆ. ಬಡಾವಣೆಯ ಒಂದು ಕಚೇರಿಯಲ್ಲಿ ನಾನು ಮ್ಯಾನೇಜರ್. ಪ್ರತಿ ಸೋಮವಾರ 10 ಗಂಟೆಗೆ ಮೀಟಿಂಗ್, 14 ಜನ. 10:30ಕ್ಕೆ ಮೊದಲು ಶುರುವಾಗಿದ್ದೇ ಇಲ್ಲ, 12ಕ್ಕೆ ಮೊದಲು ಮುಗಿದಿದ್ದೂ ಇಲ್ಲ. ಎದ್ದ ಮೇಲೆ ಏನು ತೀರ್ಮಾನ ಆಯ್ತು ಅಂತ ಯಾರಿಗೂ ನೆನಪಿರಲ್ಲ. ಮುಂದಿನ ಸೋಮವಾರ ಅದೇ ವಿಷಯ ಮತ್ತೆ ಬರುತ್ತೆ. ಏನು ಮಾಡಲಿ?
(ಒಬ್ಬ ಮ್ಯಾನೇಜರ್, ದಾವಣಗೆರೆ)

ಉತ್ತರ: ಮೊದಲು ಒಂದು ಲೆಕ್ಕ ಹಾಕೋಣ ಸರ್. 14 ಜನ, ಎರಡು ಗಂಟೆ. 28 ಗಂಟೆ ಆಯ್ತು. ದಿನಕ್ಕೆ ಎಂಟು ಗಂಟೆ ಕೆಲಸ ಅಂದರೆ ಒಬ್ಬ ನೌಕರನ ಮೂರೂವರೆ ದಿನ. ಅದರಲ್ಲಿ ಏಳು ಗಂಟೆ ಸುಮ್ನೆ ಕಾದು ಕೂತದ್ದು. ವರ್ಷದ 52 ಸೋಮವಾರ ಹೀಗೇ ನಡೆದರೆ 182 ದಿನದ ಸಂಬಳ ಆ ಒಂದು ಕೋಣೆಯಲ್ಲಿ ಖರ್ಚು. ಅಷ್ಟು ದುಡ್ಡಿನ ಖರ್ಚಿಗೆ ನಿಮ್ಮ ಯಜಮಾನರು ಚೀಟಿ ಇಲ್ಲದೆ ಸಹಿ ಹಾಕುತ್ತಾರಾ? ಇದಕ್ಕೆ ಹಾಕುತ್ತಿದ್ದಾರೆ.

ನಮ್ಮ ಗಿರಣಿಯಲ್ಲಿ ಬೆಳಗಿನ ಪಾಳಿ 7 ಗಂಟೆಗೆ. ಸೈರನ್ ಆಗುತ್ತಿದ್ದಂತೆ ಕಾರ್ಮಿಕರು ಸಾಲಾಗಿ ಬಂದು ಹಿತ್ತಾಳೆ ಬಿಲ್ಲೆ ಕಿಟಕಿಯಲ್ಲಿ ಹಾಕಬೇಕು. ನಾನು ಬಿಲ್ಲೆ ನಂಬರ್ ನೋಡಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. 7:10ಕ್ಕೆ ಕಿಟಕಿ ಮುಚ್ಚಬೇಕು. ಆಮೇಲೆ ಬಂದವನಿಗೆ ಅರ್ಧ ದಿನದ ಕೂಲಿ ಕಟ್. ಒಂದು ಮಳೆಗಾಲದ ಬೆಳಿಗ್ಗೆ ಸ್ಪಿನ್ನಿಂಗ್ ಖಾತೆಯ ಒಬ್ಬ ಹುಡುಗ 7:15ಕ್ಕೆ ಬಂದ. ಕೊಂಡಜ್ಜಿ ಕಡೆಯವನು. ದಾರಿಯಲ್ಲಿ ಸೈಕಲ್ ಪಂಕ್ಚರ್ ಆಗಿ ತಳ್ಳಿಕೊಂಡು ಬಂದಿದ್ದ, ಮೊಣಕಾಲ ತನಕ ಕೆಸರು. ಬಿಲ್ಲೆ ಕೈಯಲ್ಲೇ ಇತ್ತು. "ಅಣ್ಣಾ, ಐದೇ ನಿಮಿಷ" ಅಂದ. ನಾನು ಕೆಂಪು ಶಾಯಿಯಲ್ಲಿ ಅರ್ಧ ಅಂತ ಬರೆದೆ. ಬರೆಯದಿದ್ದರೆ ನನ್ನ ಕೂಲಿ ಕಟ್ ಆಗುತ್ತಿತ್ತು.

ಅದೇ ದಿನ ಮೇಲಿನ ಮಹಡಿಯಲ್ಲಿ ಅಧಿಕಾರಿಗಳ ಮೀಟಿಂಗ್. 11ಕ್ಕೆ ಕೂತವರು ಒಂದೂವರೆಗೆ ಎದ್ದರು. ಎರಡು ಸಲ ಚಹಾ ಹೋಯಿತು, ಒಂದು ಸಲ ಮಿರ್ಚಿ ಮಂಡಕ್ಕಿ ಹೋಯಿತು. ಮುಂದಿನ ವಾರ ಮತ್ತೆ ಕೂರೋಣ ಅಂತ ತೀರ್ಮಾನ ಆಯಿತಂತೆ. ಆ ಎರಡೂವರೆ ಗಂಟೆಗೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಅವತ್ತಿನಿಂದ ನನಗೆ ಮೀಟಿಂಗ್ ಅಂದರೆ ಸ್ವಲ್ಪ ಸಿಟ್ಟು. ಆ ಸಿಟ್ಟಿನಿಂದಲೇ ಮುಂದೆ ಕಚೇರಿಯಲ್ಲಿ ಮೀಟಿಂಗ್ ನಡೆಸುವ ಕೆಲಸ ನನ್ನ ತಲೆಗೆ ಬಂದಾಗ ನಾಲ್ಕೈದು ಪ್ರಯೋಗ ಮಾಡಿದೆ. ಫಲ ಕೊಟ್ಟದ್ದನ್ನು ಹೇಳುತ್ತೇನೆ.

ತಡವಾಗಿ ಬರುವವರಿಗೆ ಬೈಯಬೇಡಿ. ಆ ಕಾಲದ ದಾವಣಗೆರೆಯಲ್ಲಿ ತಡವಾದವರಿಗೆಲ್ಲ ಒಂದೇ ನೆಪ: "ಅಶೋಕ ರಸ್ತೆ ಗೇಟ್ ಹಾಕಿತ್ತು ಸರ್." ರೈಲು ಬರದ ಹೊತ್ತಿನಲ್ಲೂ ಗೇಟ್ ಹಾಕಿರುತ್ತಿತ್ತು! ನಾನು ಮಾಡಿದ್ದು ಇಷ್ಟೇ. ಪೆಟ್ರೋಲ್ ಬಿಲ್ಲು, ಓಟಿ, ರಜೆ ಮಂಜೂರಿ, ಈ ಮೂರನ್ನು ಮೀಟಿಂಗಿನ ಮೊದಲ ಹತ್ತು ನಿಮಿಷಕ್ಕೆ ಇಟ್ಟೆ. 10:10ರ ನಂತರ ಬಂದವರ ಬಿಲ್ಲು ಮುಂದಿನ ವಾರಕ್ಕೆ. ಎರಡೇ ವಾರದಲ್ಲಿ ಗೇಟ್ ತೆರೆಯಿತು. ಎಷ್ಟು ಜನ ಬಂದಿದ್ದಾರೋ ಅಷ್ಟರಲ್ಲೇ 10ಕ್ಕೆ ಸರಿಯಾಗಿ ಶುರು ಮಾಡಿ. ತಡವಾಗಿ ಬಂದವರಿಗಾಗಿ ಹಿಂದಿನದನ್ನು ಮತ್ತೆ ಹೇಳಬೇಡಿ. ಹೇಳಿದಿರೋ, ಹೊತ್ತಿಗೆ ಸರಿಯಾಗಿ ಬಂದವರಿಗೆ ಅದೇ ಶಿಕ್ಷೆ. ಮುಂದಿನ ವಾರ ಅವರೂ ತಡವಾಗಿ ಬರುತ್ತಾರೆ.

14 ಜನ ಯಾಕೆ? ಒಬ್ಬೊಬ್ಬರ ಹೆಸರಿನ ಮುಂದೆ ಬರೆಯಿರಿ, ಇವರು ಏನು ಹೇಳಬೇಕು ಅಥವಾ ಯಾವುದಕ್ಕೆ ಹೂಂ ಅನ್ನಬೇಕು ಅಂತ. ಬರೆಯಲು ಏನೂ ಸಿಗದವರನ್ನು ಬಿಡಿ, ಮೀಟಿಂಗ್ ಮುಗಿದ ಮೇಲೆ ಅವರಿಗೆ ನಡಾವಳಿಯ ಪ್ರತಿ ಕಳಿಸಿ. ಕರೆಯದಿದ್ದರೆ ಬೇಜಾರು ಮಾಡಿಕೊಳ್ತಾರೆ ಅಂತ ಹೆದರಬೇಡಿ. ಒಂದು ವಾರ ಬೇಜಾರು, ಎರಡನೇ ವಾರ ಖುಷಿ.

ಅಜೆಂಡಾದಲ್ಲಿ "ಗೋದಾಮು" ಅಂತ ಒಂದೇ ಪದ ಬರೆದರೆ ಗೋದಾಮಿನ ಬಾಗಿಲಿನಿಂದ ಇಲಿಯ ತನಕ ಎಲ್ಲವೂ ಮಾತಿಗೆ ಬರುತ್ತೆ. "ಹರಿಹರದ ಗೋದಾಮನ್ನು ಮಾರ್ಚ್ ಆದ ಮೇಲೂ ಇಟ್ಟುಕೊಳ್ಳೋದಾ, ಬಿಡೋದಾ?" ಅಂತ ಪ್ರಶ್ನೆಯಾಗಿ ಬರೆಯಿರಿ. ಉತ್ತರ ಸಿಕ್ಕ ಕೂಡಲೇ ಆ ಮಾತು ಮುಗಿಯಿತು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಪ್ರಶ್ನೆ ಬರೆಯಲು ಆಗುತ್ತಿಲ್ಲ ಅಂದರೆ ಆ ವಿಷಯಕ್ಕೆ ಮೀಟಿಂಗೇ ಬೇಡ.

ಕೊನೆಯದು ನಡಾವಳಿ ಪುಸ್ತಕ. ಪುಟಗಟ್ಟಲೆ ಬರೆಯಬೇಡಿ. ಮೂರು ಗೆರೆ ಎಳೆಯಿರಿ: ಏನು, ಯಾರು, ಯಾವತ್ತು. "ಎಲ್ಲರೂ ಸೇರಿ ನೋಡಿಕೊಳ್ಳೋಣ" ಅಂತ ಬರೆದರೆ ಯಾರೂ ನೋಡಿಕೊಳ್ಳಲ್ಲ. "ಆದಷ್ಟು ಬೇಗ" ಅನ್ನುವ ತಾರೀಖು ಯಾವ ಕ್ಯಾಲೆಂಡರ್‌ನಲ್ಲೂ ಇಲ್ಲ. ಏಳುವ ಮುಂಚೆ ಆ ಪುಟವನ್ನು ಜೋರಾಗಿ ಓದಿ. ತನ್ನ ಹೆಸರು ತನ್ನ ಕಿವಿಗೆ ಬಿದ್ದರೆ ಮನುಷ್ಯನಿಗೆ ಕೆಲಸ ನೆನಪಿರುತ್ತೆ. ಮುಂದಿನ ಸೋಮವಾರದ ಮೀಟಿಂಗ್ ಶುರುವಾಗಬೇಕಾದ್ದು ಅದೇ ಪುಟದಿಂದ.

ಪ್ರಶ್ನೆ: ನನಗೆ 31 ವರ್ಷ, ಚಿತ್ರದುರ್ಗದಲ್ಲಿ ಕೆಲಸ. ಆರು ತಿಂಗಳ ಹಿಂದೆ ವಿಭಾಗದ ಹೊಣೆ ಕೊಟ್ಟರು. ವಿಭಾಗದಲ್ಲಿ ನನಗಿಂತ 25 ವರ್ಷ ದೊಡ್ಡವರೊಬ್ಬರಿದ್ದಾರೆ. ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಏಳು ಸುತ್ತಿನ ಕೋಟೆ ಸುತ್ತಿಸಿಕೊಂಡು ಬರ್ತಾರೆ. ನಡುವೆ ಮಾತಾಡಿದರೆ "ನೀನಿನ್ನೂ ಹುಟ್ಟಿರಲಿಲ್ಲ ಕಣಮ್ಮಾ, ಆಗ ಏನಾಗಿತ್ತು ಅಂದ್ರೆ…" ಅಂತ ಶುರು. ದೊಡ್ಡವರ ಮಾತು ಹೇಗೆ ತಡೆಯಲಿ?
(ವಿಭಾಗದ ಮುಖ್ಯಸ್ಥೆ, ಚಿತ್ರದುರ್ಗ)

ಉತ್ತರ: ನನ್ನ ಮಗಳ ವಯಸ್ಸು ನಿಮಗೆ. ನೀನು ಅಂತ ಬರೆಯೋಕೆ ಕೈ ಹೋಯಿತು. ಆದರೆ ಅದೇ ತಾನೆ ನಿಮ್ಮ ತೊಂದರೆ! ಹಾಗಾಗಿ ನೀವು ಅಂತಲೇ ಬರೆಯುತ್ತೇನೆ.

ನಿಮ್ಮ ಊರಿನ ಕೋಟೆಗೆ ಏಳು ಸುತ್ತು ಇದ್ದರೂ ಒಂದು ಕಿಂಡಿ ಇದೆ ಅಲ್ವಾ? ಇವರಲ್ಲೂ ಇರುತ್ತೆ. ಒನಕೆ ಮಾತ್ರ ಎತ್ತಬೇಡಿ. ಅವರು ಉಸಿರು ಎಳೆದುಕೊಳ್ಳುವ ಕ್ಷಣ ನೋಡಿ, "ಸರ್, ನೀವು ಹೇಳಿದ್ದನ್ನ ಹೀಗೆ ಬರೆದುಕೊಳ್ಳಲಾ?" ಅಂತ ಕೇಳಿ. ಆಮೇಲೆ ಅವರ ಹತ್ತು ನಿಮಿಷದ ಮಾತನ್ನು ಒಂದು ಸಾಲಿನಲ್ಲಿ ಓದಿ. ನೂರಕ್ಕೆ ತೊಂಬತ್ತು ಸಲ "ಹ್ಞಾ, ಅದೇ" ಅಂತಾರೆ. "ಅದೇ" ಅಂದ ಮೇಲೆ ಮತ್ತೆ ಮುಂದುವರಿಸೋದು ಅವರಿಗೇ ಕಷ್ಟ.

ಇದಕ್ಕಿಂತ ಒಳ್ಳೆಯ ದಾರಿ ಹಿಂದಿನ ದಿನದ್ದು. ಸಂಜೆ ಅವರ ಟೇಬಲ್ ಹತ್ತಿರ ಹೋಗಿ, ನಿಂತುಕೊಂಡಲ್ಲ, ಕುರ್ಚಿ ಎಳೆದುಕೊಂಡು ಕೂತು, "ನಾಳೆ ಈ ವಿಷಯ ಇದೆ ಸರ್, ಹಿಂದೆ ಹೇಗೆ ಮಾಡ್ತಿದ್ರಿ?" ಅಂತ ಕೇಳಿ. ತುಂಬಾ ಮಾತಾಡುವವರಲ್ಲಿ ಹೆಚ್ಚಿನವರು ತಮ್ಮ ಮಾತು ಕೇಳುವವರಿಲ್ಲ ಅಂತಲೇ ಮಾತಾಡ್ತಾರೆ. ಹಿಂದಿನ ದಿನ ಹತ್ತು ನಿಮಿಷ ಕೇಳಿಸಿಕೊಂಡರೆ ಮೀಟಿಂಗಿನಲ್ಲಿ ಅರ್ಧ ಗಂಟೆ ಉಳಿಯುತ್ತೆ. ಮೀಟಿಂಗಿನಲ್ಲಿ ನೀವೇ ಹೇಳಿ, "ಸಾಹೇಬರು ನಿನ್ನೆ ಒಂದು ಒಳ್ಳೆ ಮಾತು ಹೇಳಿದ್ರು" ಅಂತ. ಅವರ ಮುಖ ನೋಡಿ ಆಗ.

ನಮ್ಮ ಕಚೇರಿಯಲ್ಲೂ ಇಂಥ ಒಬ್ಬರಿದ್ದರು, ಸ್ಟೋರ್ಸ್ ನೋಡಿಕೊಳ್ಳುವವರು. ಕೊನೆಗೆ ನಡಾವಳಿ ಬರೆಯುವ ಕೆಲಸವನ್ನೇ ಅವರಿಗೆ ಕೊಟ್ಟೆ. ಬರೆಯುವ ಕೈ ಮಾತಾಡಲ್ಲ. ಎಂಥ ಗುಂಡಗಿನ ಅಕ್ಷರ ಅಂತೀರಿ! ಅಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅದೇ ಮನುಷ್ಯ ಒಂದು ಸಲ ಗೋದಾಮಿನ ಹಳೇ ಕಥೆ ತೆಗೆದಾಗ ನಾನು ಮಾತು ಕಡಿದೆ. ಮೂಲೆಯ ಶೀಟು ಸೋರುತ್ತೆ ಅನ್ನೋದು ಆ ಕಥೆಯ ಮೂರನೇ ಸುತ್ತಿನಲ್ಲಿತ್ತು. ಜುಲೈ ಮಳೆಯಲ್ಲಿ 40 ಪೆಟ್ಟಿಗೆ ನೆನೆದು ಮುದ್ದೆಯಾದವು. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪ್ರಶ್ನೆ: ನಮ್ಮ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ದೊಡ್ಡ ಖರ್ಚುಗಳು ಐದು ನಿಮಿಷದಲ್ಲಿ ಪಾಸಾಗುತ್ತವೆ. ಚಿಲ್ಲರೆ ವಿಷಯಕ್ಕೆ ಜಗಳವೇ ಆಗಿಬಿಡುತ್ತೆ. ಕಾರ್ಯದರ್ಶಿಯಾಗಿ ನಾನು ಸುಮ್ನೆ ಕೂತು ನೋಡಬೇಕು. ಇದು ನಮ್ಮಲ್ಲಿ ಮಾತ್ರವಾ?
(ಕಾರ್ಯದರ್ಶಿ, ಹೊಳಲ್ಕೆರೆ)

ಉತ್ತರ: ಖಂಡಿತ ಅಲ್ಲ. ಪಾರ್ಕಿನ್ಸನ್ ಅಂತ ಒಬ್ಬ ಇಂಗ್ಲಿಷ್ ಇತಿಹಾಸಕಾರ ಇದ್ದ. ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೆ ಅದು ಅಷ್ಟು ಹೊತ್ತಿಗೂ ಹಿಗ್ಗುತ್ತೆ ಅಂತ 1955ರಲ್ಲಿ ಬರೆದವನು ಅವನೇ. ಮುಂದೆ ಒಂದು ಸಮಿತಿಯ ಕಥೆಯನ್ನೂ ಹೇಳಿದ. ಅಣು ರಿಯಾಕ್ಟರ್ ಕಟ್ಟುವ ವಿಷಯ ಸಮಿತಿಯ ಮುಂದೆ ಬರುತ್ತೆ. ಯಾರಿಗೂ ಅದರ ಗಂಧಗಾಳಿ ಗೊತ್ತಿಲ್ಲ, ಬಾಯಿ ಬಿಟ್ಟರೆ ಬಣ್ಣಗೇಡು. ನಿಮಿಷದಲ್ಲಿ ಪಾಸು. ಆಮೇಲೆ ನೌಕರರ ಸೈಕಲ್ ಶೆಡ್. ಸೈಕಲ್ ಶೆಡ್ ಎಲ್ಲರೂ ನೋಡಿದ್ದಾರೆ! ಶೀಟು ಯಾವುದು, ಖರ್ಚು ಎಷ್ಟು, ಶೆಡ್ ಬೇಕೇ ಬೇಕಾ ಅಂತ ಮುಕ್ಕಾಲು ಗಂಟೆ.

ಇಂಗ್ಲೆಂಡ್ ದೂರ ಆಯ್ತು. ನಮ್ಮ ಕಚೇರಿಯದನ್ನೇ ಕೇಳಿ. ಆರು ಲಕ್ಷದ ಜನರೇಟರ್ ನಾಲ್ಕು ನಿಮಿಷದಲ್ಲಿ ಪಾಸಾಯಿತು. ಅದೇ ಮೀಟಿಂಗಿನಲ್ಲಿ ಆಯುಧ ಪೂಜೆಗೆ ಪೇಡಾ ಹಂಚೋದಾ, ಬೂಂದಿ ಲಾಡು ಹಂಚೋದಾ ಅಂತ 50 ನಿಮಿಷ. ಪೇಡಾ ಬೇಗ ಹಳಸುತ್ತೆ ಅಂತ ಒಂದು ಗುಂಪು. ಲಾಡು ಮನೆಗೆ ಒಯ್ಯುವಷ್ಟರಲ್ಲಿ ಪುಡಿಯಾಗುತ್ತೆ ಅಂತ ಇನ್ನೊಂದು. ಪಾರ್ಕಿನ್ಸನ್ ವಿಷಯ ಅಷ್ಟೊತ್ತಿಗೆ ಓದಿ ತಿಳಿದಿದ್ದ ನಾನೇ ಲಾಡಿನ ಪರವಾಗಿ ಎರಡು ಸಲ ಎದ್ದು ನಿಂತೆ. ಕೊನೆಗೆ ಎರಡನ್ನೂ ತಂದರು. ಆ ಜನರೇಟರ್ ನಮ್ಮ ಲೋಡಿಗೆ ಚಿಕ್ಕದಾಯಿತು, ಮರುವರ್ಷ ಬದಲಾಯಿಸಬೇಕಾಯಿತು.

ನಿಮ್ಮ ಕೈಯಲ್ಲಿ ಆಗುವುದು ಇಷ್ಟು. ಇಂತಿಷ್ಟು ರೂಪಾಯಿ ಒಳಗಿನ ಖರ್ಚನ್ನು ಒಬ್ಬರೇ ತೀರ್ಮಾನಿಸಲಿ ಅಂತ ಒಂದು ಠರಾವು ಮಾಡಿಸಿಬಿಡಿ. ಆಮೇಲೆ ಲಾಡು ಸಭೆಗೆ ಬರೋದೇ ಇಲ್ಲ. ದೊಡ್ಡ ಖರ್ಚನ್ನು ಕಾರ್ಯಸೂಚಿಯ ಮೊದಲಿಗೆ ಇಡಿ, ಊಟದ ಹೊತ್ತಿಗಲ್ಲ. ಅದರ ಕಾಗದವನ್ನು ಮೂರು ದಿನ ಮುಂಚೆ ಕೊಡಿ, ಒಬ್ಬ ಸದಸ್ಯರಿಗೆ "ಇದು ಯಾಕೆ ಬೇಡ ಅಂತ ನೀವು ಹೇಳಬೇಕು" ಅಂತ ಮೊದಲೇ ಒಪ್ಪಿಸಿ. ಕೇಳಲು ನಾಚಿಕೊಂಡು ಕೂತ ಉಳಿದವರೂ ಆಗ ಬಾಯಿ ಬಿಡುತ್ತಾರೆ.

ಪ್ರಶ್ನೆ: ನಮ್ಮ ಹೆಡ್ ಆಫೀಸ್ ಬೆಂಗಳೂರು. ವಾರಕ್ಕೆ ನಾಲ್ಕು ದಿನ ಸಂಜೆ 6:30ಕ್ಕೆ ವಿಡಿಯೋ ಮೀಟಿಂಗ್. ಇವತ್ತು ಏನು ಮಾಡಿದಿರಿ ಅಂತ ಒಬ್ಬೊಬ್ಬರಾಗಿ ಹೇಳಬೇಕು. ನನ್ನ ಸರದಿ ಬರುವಷ್ಟರಲ್ಲಿ 8.
(ಬ್ರಾಂಚ್ ನೌಕರ, ದಾವಣಗೆರೆ)

ಉತ್ತರ: 2013ರ ಕಂಪನಿ ಕಾಯ್ದೆ ಪ್ರಕಾರ ನಿರ್ದೇಶಕ ಮಂಡಳಿ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಿದರೆ ಸಾಕು, ಎರಡು ಸಭೆಗಳ ನಡುವೆ 120 ದಿನ ಮೀರಬಾರದು ಅಷ್ಟೇ. ಏಳು ದಿನ ಮೊದಲು ನೋಟಿಸ್ ಕೊಡಬೇಕು. ಕಂಪನಿಯ ಹಣೆಬರಹ ಬರೆಯುವವರಿಗೇ ವರ್ಷಕ್ಕೆ ನಾಲ್ಕು. ನಿಮಗೆ ವಾರಕ್ಕೆ ನಾಲ್ಕು!

ಜಗಳ ಬೇಡ. ಸಂಜೆ 5ಕ್ಕೆ ನೀವಾಗಿಯೇ ಮೂರು ಸಾಲು ಬರೆದು ಕಳಿಸಲು ಶುರು ಮಾಡಿ: ಇವತ್ತು ಆದದ್ದು, ನಾಳೆ ಮಾಡುವುದು, ಎಲ್ಲಿ ಸಿಕ್ಕಿಕೊಂಡಿದೆ. ಎರಡು ವಾರ ಬಿಡದೆ ಕಳಿಸಿ. ಮೂರನೇ ವಾರ, "ಸಿಕ್ಕಿಕೊಂಡ ದಿನ ಮಾತ್ರ ಮೀಟಿಂಗಿಗೆ ಬರಲಾ ಸರ್?" ಅಂತ ಕೇಳಿ. ಮೇಲಿನವರಿಗೂ ಮನೆ ಇದೆ, ಅವರೂ 6:30ಕ್ಕೆ ಹೊರಡಬೇಕು. ಯಾರಾದರೂ ಮೊದಲು ಕೇಳಲಿ ಅಂತ ಕಾಯ್ತಿರಬಹುದು.

ಪ್ರಶ್ನೆ: ನಾನು ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸೀಸನ್ ಬಂದರೆ ಉಸಿರಾಡಲು ಹೊತ್ತಿಲ್ಲ. ಕೂಡುತ್ತಾ ಕೂತರೆ ರೈತರು ಬರ್ತಾರೆ, ಹಮಾಲರು ಬರ್ತಾರೆ, ಫೋನ್, ವಾಟ್ಸಾಪ್. ಮತ್ತೆ ಮೊದಲಿಂದ ಕೂಡಬೇಕು. ರಾತ್ರಿ 9ಕ್ಕೂ ಪಟ್ಟಿ ಮುಗಿಯಲ್ಲ.
(ಮಂಡಿ ಗುಮಾಸ್ತ, ದಾವಣಗೆರೆ)

ಉತ್ತರ: ತಮ್ಮಾ, ನಾನೂ ಗುಮಾಸ್ತನೇ. ನಿನ್ನ ಕಷ್ಟ ಪೂರ್ತಿ ಗೊತ್ತು.

ನಾಳೆ ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲಿಗೆ ಹೋಗು. ತಿನ್ನೋಕಲ್ಲ, ಅಂದರೆ ತಿನ್ನು, ಆದರೆ ಒಲೆ ಕಾಣುವ ಹಾಗೆ ಕೂರು. ದೋಸೆ ಹಾಕುವವನನ್ನು ಗಮನಿಸು. ಸೌದೆ ಒಲೆ, ಅಗಲವಾದ ಕಾವಲಿ. ನೀರು ಚಿಮುಕಿಸಿ, ಪೊರಕೆಯಲ್ಲಿ ಒಂದು ಸಲ ಗುಡಿಸಿ, ಎಂಟೋ ಹತ್ತೋ ದೋಸೆಯ ಹಿಟ್ಟನ್ನು ಒಂದೇ ಸಮ ಹುಯ್ಯುತ್ತಾನೆ. ಆಮೇಲೆ ಎಲ್ಲಕ್ಕೂ ಬೆಣ್ಣೆ. ಆಮೇಲೆ ಎಲ್ಲವನ್ನೂ ಮಗುಚೋದು. ಆ ಹೊತ್ತಿನಲ್ಲಿ ಸಪ್ಲೈಯರ್ ಬಂದು "ನಾಲ್ಕು ಬೆಣ್ಣೆ, ಎರಡು ಖಾಲಿ" ಅಂತ ಕೂಗಿದರೆ ತಲೆ ಎತ್ತಲ್ಲ, ಹೂಂ ಅನ್ನುತ್ತಾನೆ ಅಷ್ಟೇ. ಆ ನಾಲ್ಕು ಮುಂದಿನ ಕಾವಲಿಗೆ. ಕೂಗಿದ ಕೂಡಲೇ ಒಂದೊಂದಾಗಿ ಹಾಕುತ್ತಾ ಹೋದರೆ ಅರ್ಧ ಕಾವಲಿ ಸುಮ್ನೆ ಕಾಯುತ್ತೆ, ಇನ್ನರ್ಧದಲ್ಲಿ ದೋಸೆ ಸೀಯುತ್ತೆ. ಜನ ಹೊರಗೆ ಕಾಯ್ತಾರೆ, ಆದರೆ ಬೈಯಲ್ಲ. ದೋಸೆ ಬಂದೇ ಬರುತ್ತೆ ಅಂತ ಅವರಿಗೆ ನಂಬಿಕೆ.

ನಿನ್ನ ಪಟ್ಟಿಯೂ ಹಾಗೇ. ತೂಕದ ಚೀಟಿ ಬಂದ ಹಾಗೆ ಕಂಬಿಗೆ ಚುಚ್ಚುತ್ತಾ ಹೋಗು. "ಪಟ್ಟಿ ಕೊಡುವ ಹೊತ್ತು: 12 ಮತ್ತು 4" ಅಂತ ಬೋರ್ಡಿನಲ್ಲಿ ಬರೆ. ಜಗಳೂರು ಕಡೆಯ ಬಸ್ಸು ಹಿಡಿಯಬೇಕಾದ ಅಜ್ಜನಿಗೆ ಮಾತ್ರ ಮೊದಲು ಮಾಡಿಕೊಡು, ಅದಕ್ಕೆ ಯಾರೂ ತಕರಾರು ಮಾಡಲ್ಲ. ಕೂಡುವ ನಡುವೆ ಏಳಲೇಬೇಕಾದರೆ ಅಲ್ಲಿಯ ತನಕದ ಮೊತ್ತವನ್ನು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದು, ಸಾಲಿನ ಕೆಳಗೆ ಗೆರೆ ಎಳೆದು ಏಳು. ಟೈಮ್ ಆಫೀಸಿನಲ್ಲಿ ನನಗೆ ಹೆಡ್ ಕ್ಲರ್ಕ್ ಕಲಿಸಿದ ಮೊದಲ ಪಾಠ ಇದು. ಕಂಪ್ಯೂಟರ್ ಇದ್ದರೂ ಇದೇ, ಎಲ್ಲಿ ನಿಲ್ಲಿಸಿದೆ ಅಂತ ಒಂದು ಚೀಟಿ ಅಂಟಿಸಿ ಏಳು.

ಇಟಲಿಯ ಚಿರಿಲ್ಲೊ ಎಂಬ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಓದಿನ ಮೇಲೆ ಗಮನ ನಿಲ್ಲದೆ ಟೊಮೆಟೊ ಆಕಾರದ ಅಡುಗೆ ಟೈಮರ್ ತಿರುಗಿಸಿಟ್ಟು ಓದಲು ಶುರು ಮಾಡಿದನಂತೆ. ಅದೇ ಮುಂದೆ 25 ನಿಮಿಷ ಕೆಲಸ, ಐದು ನಿಮಿಷ ಬಿಡುವು ಅನ್ನುವ ಪದ್ಧತಿ ಆಯಿತು. ಸೀಸನ್ನಿನ ಮಂಡಿಯಲ್ಲಿ 25 ನಿಮಿಷ ಯಾರು ಬಿಡ್ತಾರೆ? ಹರಾಜು ಶುರುವಾಗುವ ಮುಂಚೆ ಬೆಳಿಗ್ಗೆ ಎರಡು ಸಲ ಸಿಕ್ಕರೆ ಹೆಚ್ಚು. ಆ ಹೊತ್ತನ್ನು ವಾಟ್ಸಾಪಿಗೆ ಕೊಡಬೇಡ. ನಿನ್ನೆಯ ಬಾಕಿ ಆಗ ಮುಗಿಸು.

ಪ್ರಶ್ನೆ: ನಮ್ಮದು ಎಂಟು ಜನರ ಮಂಡಕ್ಕಿ ಭಟ್ಟಿ. ಮಗ ಬೆಂಗಳೂರಲ್ಲಿ ಓದಿ ಬಂದವನು, ವಾರಕ್ಕೊಂದು ಮೀಟಿಂಗ್ ಮಾಡಬೇಕು ಅಂತಾನೆ. ಬೇಕಾ?
(ಭಟ್ಟಿ ಮಾಲೀಕ, ದಾವಣಗೆರೆ)

ಉತ್ತರ: ಕೂತು ಮಾಡುವ ಮೀಟಿಂಗ್ ಬೇಡ ಯಜಮಾನರೇ. ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಎಲ್ಲರೂ ಐದು ನಿಮಿಷ ನಿಂತುಕೊಳ್ಳಿ. ನಿನ್ನೆ ಎಲ್ಲಿ ಕೆಲಸ ನಿಂತಿತು, ಇವತ್ತು ಎಷ್ಟು ಚೀಲ ಹೋಗಬೇಕು, ಯಾರು ಬಂದಿಲ್ಲ. ಮುಗೀತು. ಮಗ ಹೇಳೋದು ಪೂರ್ತಿ ತಪ್ಪಲ್ಲ, ಅವನಿಗೆ ಕುರ್ಚಿ ಮಾತ್ರ ಕೊಡಬೇಡಿ. ಮೊದಲ ಮಾತು ಮರಳು ಕಾಯಿಸುವವನದ್ದಾಗಲಿ, ನಿಮ್ಮದಲ್ಲ. ಯಜಮಾನ ಮೊದಲು ಮಾತಾಡಿದರೆ ಉಳಿದವರು "ಹೌದ್ರಿ" ಬಿಟ್ಟು ಬೇರೆ ಹೇಳಲ್ಲ.

ಪ್ರಶ್ನೆ: ನಾನು ಊರಲ್ಲಿ ಸ್ವಸಹಾಯ ಸಂಘದ ಪುಸ್ತಕ ಬರೆಯುತ್ತಿದ್ದವಳು. ಈಗ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ಇಲ್ಲಿನ ಮೀಟಿಂಗ್ ನೋಡಿದರೆ ನಗು ಬರುತ್ತೆ ಸರ್. ನಮ್ಮ ಸಂಘದ ಹೆಂಗಸರು ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದರು. ಹೇಳಿದರೆ ಯಾರು ಕೇಳುತ್ತಾರೆ?
(ಸಹಾಯಕಿ, ಚಳ್ಳಕೆರೆ)

ಉತ್ತರ: ನಾನು ಕೇಳುತ್ತೇನಮ್ಮಾ. ನನ್ನ ಹೆಂಡತಿಯ ಸಂಘ ನಮ್ಮ ಮನೆಯ ಜಗಲಿಯಲ್ಲೇ ಸೇರುತ್ತಿತ್ತು, 15 ಜನ. ಸುತ್ತಲೂ ಚಾಪೆ, ನಡುವೆ ತಗಡಿನ ಪೆಟ್ಟಿಗೆ. ತಡವಾಗಿ ಬಂದವರಿಗೆ ಐದು ರೂಪಾಯಿ ದಂಡ. ದಂಡ ಕಟ್ಟಿಯೇ ಕೂರಬೇಕು, ಅಧ್ಯಕ್ಷೆ ಆದರೂ. ಉಳಿತಾಯ ಎಣಿಸಿ, ಸಾಲದ ಕಂತು ಎಣಿಸಿ, ಯಾರಿಗೆ ಹೊಸ ಸಾಲ ಅಂತ ತೀರ್ಮಾನಿಸಿ, ಪುಸ್ತಕ ಓದಿ ಸಹಿ ಹಾಕಿ ಎದ್ದರೆ 40 ನಿಮಿಷ. ಕೆಲವರದು ಸಹಿ, ಕೆಲವರದು ಹೆಬ್ಬೆಟ್ಟು. ಸ್ವಸಹಾಯ ಸಂಘಗಳಿಗೆ ಪಂಚಸೂತ್ರ ಅಂತ ಹೇಳಿಕೊಡುತ್ತಾರಲ್ಲ, ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗೊಳಗೇ ಸಾಲ, ಹೊತ್ತಿಗೆ ಮರುಪಾವತಿ, ಅಂದಂದಿನ ಲೆಕ್ಕ, ಅದರಲ್ಲಿ ಮೊದಲನೆಯದೇ ಸಭೆ. ದುಡ್ಡು ತಮ್ಮದು ಅಂತ ಅವರಿಗೆ ಗೊತ್ತು. ಕಚೇರಿಯಲ್ಲಿ ಹಾಳಾಗುವ ಹೊತ್ತು ಯಾರದೋ ದುಡ್ಡು.

ಒಮ್ಮೆಲೇ ಎಲ್ಲ ಹೇಳಬೇಡಿ. ಮುಂದಿನ ಮೀಟಿಂಗ್ ಮುಗಿಯುವಾಗ, "ಸರ್, ಬರೆದದ್ದನ್ನ ಒಂದು ಸಲ ಓದಲಾ?" ಅಂತ ಮಾತ್ರ ಕೇಳಿ. ಪುಸ್ತಕ ನಿಮ್ಮ ಕೈಗೆ ಬಂದರೆ ಉಳಿದದ್ದು ತಾನಾಗಿ ಬರುತ್ತೆ.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ನೀವು "ಯಾರಿಗೂ ಕಾಯದೆ ಹೊತ್ತಿಗೆ ಸರಿಯಾಗಿ ಶುರು ಮಾಡಿ" ಅಂತ ಬರೆದಿರಿ. ನಂಬಿ ಹಾಗೇ ಮಾಡಿದೆ. ನಮ್ಮ ಮಾಲೀಕರು 25 ನಿಮಿಷ ತಡವಾಗಿ ಬಂದು, "ನಾನಿಲ್ಲದೆ ಮೀಟಿಂಗಾ?" ಅಂತ ಎಲ್ಲರ ಮುಂದೆ ಬೈದರು. ನಿಮ್ಮ ಸಲಹೆಯಿಂದ ಮರ್ಯಾದೆ ಹೋಯಿತು.
(ನೊಂದ ಓದುಗ, ದಾವಣಗೆರೆ)

ಉತ್ತರ: ತಪ್ಪು ನನ್ನದೇ, ಕ್ಷಮಿಸಿ. ಆ ಉತ್ತರದಲ್ಲಿ ಒಂದು ಸಾಲು ಬಿಟ್ಟೆ. ಮೇಲೆ ಪಿ.ಜೆ. ಬಡಾವಣೆಯವರಿಗೂ ಅದನ್ನೇ ಬರೆದಿದ್ದೇನೆ, ಅವರೂ ಇದನ್ನು ಓದಲಿ. ಹೊತ್ತಿಗೆ ಸರಿಯಾಗಿ ಅನ್ನೋದು ಕೈಕೆಳಗಿನವರ ವಿಷಯದಲ್ಲಿ ನಡೆಯುತ್ತೆ. ಸಂಬಳ ಕೊಡುವವರ ಮೇಲೆ ಯಾರ ಬಿಲ್ಲೆಯೂ ನಡೆಯಲ್ಲ.

ನನಗೂ ಇದೇ ಆಗಿತ್ತು. ನಮ್ಮ ಯಜಮಾನರು 10ರ ಮೀಟಿಂಗಿಗೆ 10:40ಕ್ಕೆ ಬರುತ್ತಿದ್ದರು. ಸ್ನಾನ, ಪೂಜೆ, ದಾರಿಯಲ್ಲಿ ದುರ್ಗಮ್ಮನ ಗುಡಿ, ಆಮೇಲೆ ಕಚೇರಿ. ಅವರ ಹೊತ್ತು ಬದಲಾಯಿಸಲು ಒಂದು ವರ್ಷ ಒದ್ದಾಡಿದೆ. ಆಗಲಿಲ್ಲ. ಆಮೇಲೆ ಮೂರು ವಾರ ಅವರ ಕಾರು ಗೇಟಿಗೆ ಬರುವ ಹೊತ್ತನ್ನು ಚೀಟಿಯಲ್ಲಿ ಬರೆದಿಟ್ಟೆ, ಹಳೇ ಚಾಳಿ. 10:35, 10:42, 10:38. ಮನುಷ್ಯ ಗಡಿಯಾರದ ಹಾಗೆ ಬರುತ್ತಿದ್ದಾರೆ, ತಪ್ಪಿದ್ದು ನನ್ನ ನೋಟಿಸ್!

ಹಾಗಾಗಿ ಮೀಟಿಂಗನ್ನೇ 10:50ಕ್ಕೆ ಇಟ್ಟೆ. ಉಳಿದವರು ಅಲ್ಲಿಯ ತನಕ ತಮ್ಮ ತಮ್ಮ ಟೇಬಲ್ಲಿನಲ್ಲಿ ಕೆಲಸ ಮಾಡಿದರು. ನೀವೂ ಮೂರು ವಾರ ಚೀಟಿ ಬರೆಯಿರಿ, ಅದರ ಮೇಲೆ ಹತ್ತು ನಿಮಿಷ ಹಾಕಿ. ನೋಟಿಸಿನಲ್ಲಿ 11 ಅಂತ ಬರೆಯಬೇಡಿ. 11 ಅಂದರೆ ಜನ 11:15 ಅಂತ ಓದಿಕೊಳ್ತಾರೆ. 10:50 ಅಂದರೆ 10:50ಕ್ಕೇ ಬರ್ತಾರೆ, ಯಾಕೋ ಗೊತ್ತಿಲ್ಲ. ಯಜಮಾನರು ಒಂದೇ ಒಂದು ಸಲ ಕೇಳಿದರು, ಇದೇನ್ರೀ ಹತ್ತು ಐವತ್ತು ಅಂತ. ಪಂಚಾಂಗ ನೋಡಿ ಇಟ್ಟಿದ್ದು ಅಂದೆ.